ಮಂಡಕ್ಕಿ ಮೂಟೆ

ಮೂರು ವಾರವಾಯ್ತು. ಮುಳ್ಳು
ಎಪ್ಪತ್ತೆಂಟಕ್ಕೇ ಅಂಟಿಕೊಂಡಿದೆ,
ಬಾಣಲೆಗೆ ಅಂಟಿದ ಮರಳಿನ ಹಾಗೆ.

ದಾವಣಗೆರೆಯಲ್ಲಿದ್ದೂ ಬೆಣ್ಣೆ ದೋಸೆ ಬಿಟ್ಟೆ,
ರಾತ್ರಿಯ ಊಟವನ್ನೂ.
"ತಿನ್ನಕ್ಕಾ, ಮೊಟ್ಟೆ ತಿನ್ನು, ಆಮೇಲೆ ಎತ್ತು,"
ಅಂತಾಳೆ ಜಿಮ್ಮಿನ ಶಬರೀನ್,
ನನ್ನ ಮಗಳಿಗಿಂತ ಚಿಕ್ಕವಳು.

ಬರೀ ಸರಳೇ ಇಪ್ಪತ್ತು ಕೇಜಿ.
ಮೊದಲ ದಿನ
ನನ್ನ ಮೊಣಕಾಲೇ ನನ್ನ ನೋಡಿ ನಕ್ಕವು.

ಭಟ್ಟಿಯ ಗಲ್ಲಾದಲ್ಲಿ ಕೂತು
ಹತ್ತೊಂಬತ್ತು ವರ್ಷ ತೂಗಿದವಳು ನಾನು:
ಆಳೆತ್ತರದ ಮಂಡಕ್ಕಿ ಮೂಟೆ, ಒಂದೇ ಕೈ ಸಾಕು;
ಮೊಣಕಾಲೆತ್ತರದ ಭತ್ತ, ಇಬ್ಬರು ಬೇಕು.
ಗಾತ್ರ ನೋಡಿ ಬೆಲೆ ಕೇಳಬೇಡ್ರೀ ಅಂತ
ಎಷ್ಟು ಗಿರಾಕಿಗಳಿಗೆ ಗದರಿದ್ದೆನೋ!

ಇವತ್ತು ಹಮಾಲಿ ಹಾಲೇಶಿ ಬರುವ ಮೊದಲೇ
ಭತ್ತದ ಚೀಲದ ಒಂದು ಕಿವಿ
ನನ್ನ ಕೈಯಲ್ಲಿತ್ತು.
ನಿನ್ನೆ
ಕುಪ್ಪಸಕ್ಕೆ ಇನ್ನೊಂದು ಒಳಹೊಲಿಗೆ ಹಾಕಿಸಿದೆ.

ಮುಳ್ಳು ಎಪ್ಪತ್ತೆಂಟೇ.
ಒಲೆ ಮೇಲೆ ಎರಡು ಮೊಟ್ಟೆ
ಕುಣಿಯುತ್ತಿವೆ.