ಎರಡು ಕೊಳಗ

ಪರಶುರಾಂಪುರದಾಚೆ, ಗುಣಿಮಗ್ಗಕ್ಕೆ ಕಾಲು ಇಳಿಬಿಟ್ಟು
ಕಂಬಳಿ ನೇಯುತ್ತ ಮೈಲಕ್ಕ ಹೇಳುವ ಕತೆ:

ಗೌಡನ ಮನೆಯಲ್ಲಿ ಕೊಳಗ ಎರಡು.
ಕೊಡುವಾಗಿನದರ ತಳಕ್ಕೆ ಬೆರಳುದ್ದ ಮೇಣ;
ತಕ್ಕೊಳ್ಳುವಾಗಿನದು, ಕಮ್ಮಾರನಿಗೆ ಹೇಳಿ
ಬಾಯಿ ಅಗಲಿಸಿದ್ದು.
ಸಜ್ಜೆ ಸಾಲಕ್ಕೆ ಬಂದ ಬಾಣಂತಿಯೊಬ್ಬಳು
ಮೇಣ ಕೆರೆದು ತೋರಿಸಿದಳಂತೆ, ಉಗುರಲ್ಲಿ.
ಅವತ್ತೇ ಅವಳ ಗುಡಿಸಲ ಸೂರು ಕೀಳಿಸಿದ.
ಬರೀ ಗೋಡೆಗಳ ನಡುವೆ ಕೂಸು ಹಿಡಿದು ನಿಂತವಳು
ಬೈಯಲಿಲ್ಲ, ಮಣ್ಣು ತೂರಲಿಲ್ಲ.
"ಅಳೆಯಪ್ಪ, ಅಳೆ" ಅಂದಳಷ್ಟೆ.

ಈಗ ಅಮಾಸೆ ರಾತ್ರಿ ವೇದಾವತಿಯ ಒಣಮರಳು
ಸರ್ರ್ ಅನ್ನುವುದು ಗೌಡ ಅಳೆಯುವುದಕ್ಕೆ.
ಕೊಳಗಕ್ಕೆ ತಳವಿಲ್ಲ.
ಲಾಭ, ಅನ್ನುತ್ತಾನೆ. ಬಗ್ಗಿ ನೋಡುತ್ತಾನೆ.
ಮತ್ತೆ ಲಾಭ.
ಎರಡು ಅನ್ನುವುದು ಯಾರೂ ಕೇಳಿಲ್ಲ.

ಮೊನ್ನೆ ಕಾರಿಳಿದು ಬಂದವಳು ಗೌಡನ ಮರಿಮಗಳು.
ಕರಿ ಅಂಚಿನದೇ ಬೇಕೆಂದು ಕಂಬಳಿ ಆರಿಸುತ್ತ
"ನಮ್ಮ ಮುತ್ತಜ್ಜಂದು ಏನೋ ಕತೆ ಇದೆಯಂತಲ್ಲ?"
ಮೈಲಕ್ಕ ಲಾಳಿ ನಿಲ್ಲಿಸಲಿಲ್ಲ.
"ದೊಡ್ಡ ಮನುಷ್ಯ ಕಣವ್ವ, ಎಣಿಕೇಲಿ ಗಟ್ಟಿ."
ಆಮೇಲೆ ಎದ್ದು ಮೊಳ ಹಾಕಿದಳು:
ಲಾಭ, ಎರಡು, ಮೂರು,
ಮೊಳಮೊಳಕ್ಕೂ ನಾಲ್ಕು ಬೆರಳು ಹೆಚ್ಚು ಬಿಟ್ಟು,
ಆ ಹುಡುಗಿಗೆ ಕಾಣುವ ಹಾಗೆ.