ಗೇಣು ಜಾಗ

ಗುತ್ತಲು ರಸ್ತೆಯ ಕಲ್ಯಾಣ ಮಂಟಪದಲ್ಲಿ
ಮದುವೆಯಿಲ್ಲದ ಆಷಾಢಕ್ಕೆ
ಹಳೇ ಇಂಗ್ಲಿಷ್ ಪುಸ್ತಕ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ.
ಎಲೆ ಹಾಕುವ ಮೇಜಿನ ಮೇಲೆ
ಬೆನ್ನು ಮೇಲಾಗಿ ಮಲಗಿವೆ ಸಾಮ್ರಾಜ್ಯಗಳು.

ಮೂವತ್ತೊಂದು ವರ್ಷ ನಾನು
ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಗಾಡಿ ತೂಗಿದವನು.
ತುಂಬಿ ಬಂದಾಗ ಒಂದು ತೂಕ, ಇಳಿಸಿ ಹೋಗುವಾಗ ಒಂದು,
ನಡುವೆ ಉಳಿದದ್ದೇ ಕಬ್ಬು ಎಂದು ಚೀಟಿ ಬರೆದವನು.
ಸೋಗೆ, ಮಣ್ಣು, ನೆನೆಸಿದ ಹಗ್ಗ, ಒಮ್ಮೆ
ಗಾಡಿಯಡಿ ಅವಿತು ಕೂತ ಹುಡುಗ
ಎಲ್ಲವನ್ನೂ ಕಬ್ಬೆಂದು ತೂಗಿಸಿದವರನ್ನು ಬಲ್ಲೆ.
ತೂಗುವವರೂ ಕದ್ದದ್ದುಂಟು. ಅದು ಬೇರೆ ಮಾತು.
ಬೇರೆಯೇನಲ್ಲ.

ದೇಶಾಚಾರಿ ಕಪಾಟಿಗೆ ಕೊನೆಯ ಹಲಗೆ ಹೊಡೆದು ಹೋದ ಮೇಲೆ
ಖಾಲಿ ಉಳಿದದ್ದು ಒಂದು ಗೇಣು.
ಅಲ್ಲಿ ಅಮೆರಿಕ ಇಡಬೇಕು.
ಈಗಿನದಲ್ಲ, ಅದು ದಿನಾ ಟೀವಿಯಲ್ಲಿ ಬರುತ್ತದೆ.
ಅದಿನ್ನೂ ಹದಿಮೂರು ವಸಾಹತುಗಳಾಗಿ
ಕಡಲಾಚೆಯ ದೊರೆಗೆ ಸುಂಕ ಕಟ್ಟುತ್ತಿದ್ದಾಗಿನದು.

‘ಅದ್ಯಾಕ್ ಬೇಕು ನಿಮ್ಗೆ?’ ಎಂದಳು ದೇವೀರಮ್ಮ.
‘ನಮ್ದೇ ನಮ್ಗೆ ಗೊತ್ತಿಲ್ಲ.’

ನಮ್ಮದನ್ನು ಹುಡುಕುತ್ತಲೇ ಅಲ್ಲಿಗೆ ಹೋದೆ, ಮಾರಾಯ್ತಿ.
ಅಲ್ಲೊಬ್ಬ ದಳಪತಿ ಸೋತ. ಮೈ ಸರಿಯಿಲ್ಲವೆಂದು
ಕೈಕೆಳಗಿನವನ ಕೈಲಿ ಕತ್ತಿ ಕಳಿಸಿ ಡೇರೆಯಲ್ಲುಳಿದ.
ಹನ್ನೊಂದನೇ ವರ್ಷಕ್ಕೆ ಫಿರಂಗಿ ಎಳೆಸಿಕೊಂಡು
ಶ್ರೀರಂಗಪಟ್ಟಣಕ್ಕೆ ಬಂದ ಅದೇ ಆಸಾಮಿ,
ಅರ್ಧ ರಾಜ್ಯ ಕಿತ್ತ, ಎರಡು ಎಳೆ ಮಕ್ಕಳನ್ನು ಒತ್ತೆಗೊಯ್ದ.
ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.
ಕೊತ್ತಿಯ ಕಥೆ ನಮ್ಮ ಕಪಾಟಿನಲ್ಲಿದೆ.
ಅತ್ತೆಯದು ಬೇಕು.

ಮೊದಲನೆಯದು ಒಂದೂಕಾಲು ಕೆಜಿ, ಚಿನ್ನದಕ್ಷರ,
ಹಾಯಿಹಡಗು, ಚಳಿ, ದೇವರು, ಸುಗ್ಗಿಯ ಊಟ.
ನಾನು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತೇನೆ,
ಗಾಡಿಯನ್ನು ಹಿಂದಿನಿಂದ ನೋಡುವ ಹಾಗೆ.
ಪದಸೂಚಿಯಲ್ಲಿ ಸಕ್ಕರೆ ಇಲ್ಲ.
ಗುಲಾಮರು: ‘ಕೆಲಸಗಾರರು’ ನೋಡಿ.
ನೆನೆಸಿದ ಹಗ್ಗ. ಇಟ್ಟುಬಿಟ್ಟೆ.

ಎರಡನೆಯದು ಯಾವುದೋ ಬಂದರಿನ ಖಾತೆ ಪುಸ್ತಕದ ಅಚ್ಚು.
ಕಾಕಂಬಿ, ನಲವತ್ತು ಪೀಪಾಯಿ. ರಮ್ಮು, ಹನ್ನೆರಡು.
ಹಾಳೆಯಿಂದೆದ್ದ ವಾಸನೆ
ಮೂವತ್ತೊಂದು ವರ್ಷ ನನ್ನ ಅಂಗಿಯೊಳಗೆ ಮನೆಗೆ ಬಂದದ್ದು.
ಮುಂದಿನ ಸಾಲು: ಹೆಣ್ಣಾಳು ಒಂದು, ಹುಡುಗ ಒಂದು.
ಅದೇ ಕೈ. ಅದೇ ಶಾಯಿ. ಲೇಖನಿ ಎಲ್ಲೂ ನಿಂತಿಲ್ಲ.
ಆ ಕೈಬರಹ ನನಗೆ ಗೊತ್ತು.
ಚೀಟಿ ಬರೆಯುವಾಗ ನನ್ನದೂ ನಿಲ್ಲುತ್ತಿರಲಿಲ್ಲ.
ತೆಗೆದುಕೊಂಡೆ.

ಮೂರನೆಯದಕ್ಕೆ ರಟ್ಟಿಲ್ಲ, ನಕ್ಷೆಯ ಪುಟ ಹರಿದಿದೆ.
ಮೊದಲಿನಿಂದ ಅಲ್ಲಿದ್ದವರದು.
ನಮ್ಮನ್ನು ಹುಡುಕಿ ಹೊರಟು ದಾರಿ ತಪ್ಪಿದವರು
ನಮ್ಮ ಹೆಸರನ್ನು ಅವರಿಗೆ ಹಚ್ಚಿದರು.
ಮುಸುಕಿನ ಜೋಳದ ದಂಟಿಗೆ ಹುರುಳಿಕಾಯಿ ಹಬ್ಬಿಸಿ
ಬುಡಕ್ಕೆ ಕುಂಬಳ ಬಿಡುತ್ತಿದ್ದರಂತೆ.
ಇಂಥದ್ದಕ್ಕೆ ನಮ್ಮಲ್ಲಿ ಅಕ್ಕಡಿ ಎನ್ನುತ್ತೇವೆ.

ತಕ್ಕಡಿಯ ಹುಡುಗ ಜಬೀವುಲ್ಲಾ ನಕ್ಕ:
‘ಸಾರ್, ಆ ತೆಳ್ಳಗಿಂದು ತೂಕಾನೇ ಬರಲ್ಲ,
ಸುಮ್ನೆ ತಗೊಂಡೋಗಿ.’

‘ಬೇಡಪ್ಪ, ತೂಗು. ಒಂಟಿಯಾಗಿ ತೂಗು.
ಅದಕ್ಕೂ ಮುಂಚೆ ಖಾಲಿ ತಟ್ಟೆ ನೋಡು,
ಇಪ್ಪತ್ತು ಗ್ರಾಂ ತೋರಿಸ್ತಿದೆ.’
ಅವನು ಸೊನ್ನೆ ಮಾಡಿದ. ನೂರಾ ಎಂಬತ್ತು ಬಂತು.
ಕೊಟ್ಟೆ.

ಎರಡೂ ಇಟ್ಟ ಮೇಲೂ ಗೇಣಿನಲ್ಲಿ
ಇನ್ನೂ ನಾಲ್ಕು ಬೆರಳು ಮಿಕ್ಕಿದೆ.
ದೇವೀರಮ್ಮ ಅಲ್ಲಿ ಕನ್ನಡಕದ ಡಬ್ಬಿ ಇಡುತ್ತಾಳೆ.
ನಾನು ತೆಗೆಯುತ್ತೇನೆ. ಅವಳು ಇಡುತ್ತಾಳೆ.
ಮೊನ್ನೆ ಸಂಜೆ ಡಬ್ಬಿ ಇರಲಿಲ್ಲ,
ತೆಳ್ಳಗಿನ ಪುಸ್ತಕವೂ.
ಜಗಲಿಯಲ್ಲಿ ಕೂತು ಬಳ್ಳಿಯ ಚಿತ್ರದ ಮೇಲೆ ಬೆರಳಿಟ್ಟು
ತಲೆಯೆತ್ತದೆ ಕೇಳಿದಳು:
‘ಸಾಲಿಂದ ಸಾಲಿಗೆ ಎಷ್ಟು ಬಿಡ್ತಿದ್ರಂತೆ?
ಅದನ್ನೇ ಬರ್ದಿಲ್ವಲ್ಲ.’