ಮಾದರಿ ಸಂಖ್ಯೆ ಹದಿನೇಳು

ಮಿಡಿಗೇಶಿಯಿಂದಾಚೆ ಬಸ್ಸಿಳಿದರೆ
ಬಂಡೆಯೇ ಮೊದಲು, ಊರು ಆಮೇಲೆ.
ಹಸುಗೂಸಿನ ಅಂಗಾಲಿನ ಬಣ್ಣದ ಗ್ರಾನೈಟು,
ಮೈತುಂಬ ಹೆಬ್ಬೆರಳ ಗಾತ್ರದ ಫೆಲ್ಡ್‌ಸ್ಪಾರ್ ಹರಳು.
ಹಗಲಿಗೆ ಉಬ್ಬಿ, ಇರುಳಿಗೆ ಕುಗ್ಗಿ
ಈರುಳ್ಳಿಯ ಹಾಗೆ ಪದರ ಬಿಚ್ಚುತ್ತ ಕೂತಿದೆ.
ಇನ್ನೂರೈವತ್ತು ಕೋಟಿ ವರ್ಷವಾಯಿತು,
ಅವಸರವಿಲ್ಲ.

ನನಗಿತ್ತು. ಮಾರ್ಚ್ ಮೂವತ್ತೊಂದಕ್ಕೆ ನಕ್ಷೆ ಕೊಡಬೇಕು.
ಕೊರಳಲ್ಲಿ ದಾರಕ್ಕೆ ಕಟ್ಟಿದ ಲೆನ್ಸು, ಕೈಯಲ್ಲಿ ಸುತ್ತಿಗೆ,
ಬೆನ್ನಿಗೆ ಹದಿನಾರು ಕಲ್ಲಿನ ಭಾರ,
ಒಂದೊಂದಕ್ಕೂ ಬಟ್ಟೆಯ ಚೀಲ, ಚೀಟಿ, ತಾರೀಖು.
ಮೂರು ದಿನ ನಡೆದೆ. ಬಣ್ಣದ ಪೆನ್ಸಿಲಿನಲ್ಲಿ
ಒಂದೇ ಗುಲಾಬಿ, ಹಾಳೆಯ ಅಂಚಿನಿಂದ ಅಂಚಿಗೆ.

ನೀರು ಕೇಳಲು ನಿಂತದ್ದು ಸಣ್ಣೀರಮ್ಮನ ಮನೆ.
ಜಗಲಿಯ ಮೂಲೆಯಲ್ಲಿ ಉದ್ದು ರುಬ್ಬುತ್ತಿದ್ದಳು,
ಗುಂಡು ತಿರುಗುವ ಗುಡುಗು ನೆಲದೊಳಗಿಂದ ಬಂದಂತೆ.
ಚೊಂಬು ತುಟಿಗಿಟ್ಟವಳು ಹಾಗೇ ನಿಂತೆ:
ಒರಳು ಕಪ್ಪು.
ಇದ್ದಿಲ ಕಪ್ಪಲ್ಲ, ಎಣ್ಣೆ ಹಚ್ಚಿದ ಕಪ್ಪಲ್ಲ,
ಎಮ್ಮೆಯ ಕೊಂಬಿನ ನುಣುಪು, ಒಳಗೊಂದು ಹಸಿರು ಛಾಯೆ.
ಮಂಡಿಯೂರಿ ಲೆನ್ಸು ಹಿಡಿದೆ. ಬೆಳ್ಳನೆಯ ಸೂಜಿಗಳು
ಅಡ್ಡಾದಿಡ್ಡಿ, ಒಣಹುಲ್ಲು ಚೆಲ್ಲಿದ ಹಾಗೆ.
ಡೈಕು. ಬಂಡೆ ಬಿರಿದಾಗ ಬಿರುಕಿನಲ್ಲಿ ಏರಿ ಬಂದು
ಅಲ್ಲೇ ಹೆಪ್ಪಾದ ಬೆಂಕಿಯ ನೀರು.
ನನ್ನ ನಕ್ಷೆಯಲ್ಲಿ ಎಲ್ಲೂ ಇಲ್ಲದ್ದು.

“ಎಲ್ಲಿಯದಮ್ಮ ಈ ಕಲ್ಲು?”
“ನಮ್ಮತ್ತೇರ ಅತ್ತೆ ತವರಿಂದ ತಂದಿದ್ದು.
ಗಾಡೀಲಿ ಒಂದು ಕಡೆ ಮದುವಣಗಿತ್ತಿ,
ಇನ್ನೊಂದು ಕಡೆ ಇದು, ತೂಕಕ್ಕೆ.”
“ಯಾವೂರು ತವರು?”
ಹಿಟ್ಟು ಮೆತ್ತಿದ ಕೈಯೆತ್ತಿ
ಬಡಗಣ ದಿಕ್ಕನ್ನು ಇಡಿಯಾಗಿ ತೋರಿಸಿದಳು.
“ಅತ್ಲಾಗೆ. ಪ್ಲೇಗಿನಾಗೆ ಬೇಚರಾಕ್ ಆಯ್ತಂತೆ.
ಹೆಸರು ಅವಳೂ ಹೇಳ್ತಿರ್ಲಿಲ್ಲ.”

ಕಂಪಾಸು ತೆಗೆದು ಆ ಕೈಯನ್ನೇ ಅಳೆದೆ.
ಮೊಣಕೈ ಒಂದು ಡಿಗ್ರಿ ಹೇಳಿತು, ತೋರುಬೆರಳು ಇನ್ನೊಂದು.
ಹಿಟ್ಟಿನ ಹನಿ ಗಾಜಿನ ಮೇಲೆ ಬಿತ್ತು.

“ಒಂದು ಚಕ್ಕೆ ತಗೊಳ್ಲಾ? ಅಂಚಿನಲ್ಲಿ, ಉಗುರಿನಷ್ಟು.”
ಸುತ್ತಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು.
“ಬ್ಯಾಡ ಕಣಮ್ಮ. ವರ್ಷಕ್ಕೊಂದ್ಸಲ ಗುಜ್ಜಾರಪ್ಪ ಬಂದು
ಕಚ್ಚು ಹಾಕ್ವಾಗ್ಲೇ ನಾನು ಆಚೆ ಹೋಗಿ ನಿಂತ್ಕೋತೀನಿ.
ಗುಳಿ ಮೊದಲು ಬೊಗಸೆಯಷ್ಟಿತ್ತಂತೆ,
ಈಗ ನೋಡು, ಮೊಣಕೈ ಮುಳುಗ್ತದೆ.
ಸವೆದಿದ್ದೆಲ್ಲ ಎಲ್ಲಿ ಹೋಯ್ತು ಅಂತೀಯ?
ನಾವೇ ತಿಂದ್ವಿ, ನಾಕು ತಲೆಮಾರು.”

ಸವಕಳಿ ಎಂಬ ಪದವನ್ನು ನಾನು
ನದಿಯ ಮೇಲೆ, ಗಾಳಿಯ ಮೇಲೆ ಬರೆದು ಪಾಸಾದವಳು.
ಆ ಉತ್ತರದಲ್ಲಿ ವಡೆ ಇರಲಿಲ್ಲ.
ನಾಲ್ಕು ಕರಿದು ಮುತ್ತುಗದೆಲೆಯಲ್ಲಿ ಕಟ್ಟಿಕೊಟ್ಟಳು.

ರಾತ್ರಿ ಮಧುಗಿರಿಯ ಪ್ರವಾಸಿ ಮಂದಿರದ ಹಳದಿ ಬಲ್ಬಿನಡಿ
ಗುಲಾಬಿ ಹಾಳೆಯ ಬಡಗಣಕ್ಕೆ ಚುಕ್ಕೆಗೆರೆ ಎಳೆದೆ,
ತುದಿಗೆ ಪ್ರಶ್ನೆಯ ಗುರುತು.
ನೋಟ್‌ಬುಕ್ಕಿನಲ್ಲಿ: ಹದಿನೇಳು. ಡಾಲರೈಟ್.
ಹುಟ್ಟಿದ ಜಾಗದಲ್ಲಿಲ್ಲ. ಸಂಗ್ರಹಿಸಿಲ್ಲ.

ಮೂರನೆಯ ವಡೆ ಕಚ್ಚಿದಾಗ
ಕಟಕ್ಕೆಂದಿತು ಹಲ್ಲಿನ ನಡುವೆ, ಮರಳಿನಷ್ಟು.
ಉಗುಳಿ ಲೆನ್ಸಿಗೆ ಹಿಡಿಯಬಹುದಿತ್ತು.
ಚೀಲವಿತ್ತು, ಚೀಟಿಯೂ ಇತ್ತು.
ನುಂಗಿಬಿಟ್ಟೆ.